ಎಡಚಕ್ರದ ಸದ್ದು

ಡಿಸೆಂಬರ್ 6. ಮೈನಸ್ ನಲವತ್ತೊಂದು.

ಎರ್ಚಿಮ್ ಬಂದ. ಒಂದು ತಿಂಗಳು ಉತ್ತರದ ಗಣಿಯಲ್ಲಿ, ಒಂದು ತಿಂಗಳು ಮನೆಯಲ್ಲಿ. ಅವನ ಬಾಳು ಹೀಗೆ ಅರ್ಧರ್ಧ ಹಂಚಿಹೋಗಿದೆ. ನನ್ನ ಮಗನ ಕೆನ್ನೆ ಎಷ್ಟು ಇಳಿದಿದೆ! ಅಲ್ಲಿ ಏನು ಬೇಯಿಸಿ ಹಾಕುತ್ತಾರೋ. ಬೆಳಿಗ್ಗೆ ಇಬ್ಬರೂ ಮೀನು ತರಲು ಸಂತೆಗೆ ಹೋದೆವು. ಮನೆಯವರು ಬದುಕಿದ್ದಾಗ ಜಪಾನಿನಿಂದ ತರಿಸಿದ್ದ ಬಿಳಿ ಕಾರು ಅವರು ಹೋದಮೇಲೂ ಓಡುತ್ತಲೇ ಇದೆ. ಇವತ್ತು ಮಾತ್ರ ರಸ್ತೆಯ ಉಬ್ಬು ಹತ್ತಿದಾಗಲೆಲ್ಲ ಮುಂದಿನ ಎಡಚಕ್ರದ ಕಡೆಯಿಂದ ಟೊಕ್ ಟೊಕ್ ಎಂಬ ಸದ್ದು.

"ಎಡಗಡೆ ಏನೋ ಬಡೀತಿದೆ ಕಣೋ," ಎಂದೆ.

"ಚಳಿ ಇಯೆ, ಚಳಿ. ಯಾಕುತ್ಸ್ಕ್‌ನಲ್ಲಿ ಡಿಸೆಂಬರಲ್ಲಿ ಬಡೀದೆ ಇರೋ ಒಂದು ಕಾರು ತೋರ್ಸು, ಮ್ಯೂಸಿಯಂಗೆ ಕೊಟ್ಟುಬಿಡೋಣ."

ಇಯೆ, ಅಮ್ಮ, ಎಂದು ಅವನು ಕರೆದರೆ ಸಾಕು, ನನಗೆ ಅವನು ಇನ್ನೂ ಎದೆಹಾಲು ಕುಡಿಯುವ ಕೂಸೇ. ಮೂವತ್ತು ವರ್ಷ ಈ ಊರಿನ ಬಸ್ಸು ಓಡಿಸಿದ ನನಗೂ ಗೊತ್ತು, ಇಂಥ ಚಳಿಗೆ ರಬ್ಬರೆಲ್ಲ ಕಟ್ಟಿಗೆಯಾಗುತ್ತದೆ, ಎಣ್ಣೆ ಗಂಜಿಯಾಗುತ್ತದೆ. ಸ್ವಲ್ಪ ದೂರ ಓಡಿದರೆ ಎಲ್ಲ ಸರಿಹೋಗುತ್ತದೆ.

ಸಂಜೆ ಸೊಸೆ ಚಹಾ ಕೊಟ್ಟಳು. ಹಾಲೇ ಇಲ್ಲ. ಗಂಡ ತಿಂಗಳಾದ ಮೇಲೆ ಮನೆಗೆ ಬಂದಿದ್ದಾನೆ, ಒಂದು ಲೋಟ ಹಾಲು ತಂದಿಡಲಾಗಲಿಲ್ಲವೇ ಇವಳಿಗೆ? ಎರ್ಚಿಮ್ ಕಪ್ಪನ್ನು ಗೋಡೆಗೆ ಬೀಸಿದ. ಒಂದೆರಡು ಪೆಗ್ ಹಾಕಿದ್ದ. ದಣಿದು ಬಂದವನಿಗೆ ಕುಡಿತ ಬೇಗ ತಲೆಗೇರುತ್ತದೆ. ಸೊಸೆ ಮಾತಾಡದೆ ಚೂರು ಆಯ್ದಳು. ಅವಳ ಆ ಮೌನವೇ ಒಂದು ಸೊಕ್ಕು.

ಡಿಸೆಂಬರ್ 11. ಮೈನಸ್ ನಲವತ್ತಾರು.

ಈಗ ಸ್ಟೀರಿಂಗೂ ನಡುಗುತ್ತಿದೆ. ಎರ್ಚಿಮ್ ಮಲಗಿದ್ದ, ನಾನೇ ಓಡಿಸಿಕೊಂಡು ಹೋಗಿ ನೋಡಿದೆ. ರಾತ್ರಿಯಿಡೀ ನಿಂತ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ, ಬೆಳಿಗ್ಗೆ ಹೊರಟರೆ ಚೌಕದ ಚಕ್ರದ ಮೇಲೆ ಕೂತ ಹಾಗೆ. ಅದು ಎಲ್ಲರಿಗೂ ಇದ್ದದ್ದೇ, ಪೇಟೆ ಮುಟ್ಟುವಷ್ಟರಲ್ಲಿ ದುಂಡಗಾಗುತ್ತದೆ. ಆದರೆ ದುಂಡಗಾದ ಮೇಲೂ, ವೇಗ ಅರವತ್ತು ದಾಟಿದ ಕೂಡಲೇ ಸ್ಟೀರಿಂಗ್ ಕೈಯಲ್ಲಿ ಜ್ವರ ಬಂದವರ ಹಾಗೆ ನಡುಗಿತು.

ಬಗ್ಗಿ ನೋಡಿದೆ. ಚಕ್ರದ ಒಳಬದಿಗೆ ಹಿಮ ಮೆತ್ತಿ ಕಲ್ಲಾಗಿ ಕೂತಿತ್ತು. ಒಂದು ಕಡೆ ಭಾರ ಜಾಸ್ತಿಯಾದರೆ ಚಕ್ರ ಕುಣಿಯದೆ ಏನು ಮಾಡೀತು? ಸ್ಪ್ಯಾನರ್ ತೆಗೆದುಕೊಂಡು ಕುಟ್ಟಿ ಕುಟ್ಟಿ ಉದುರಿಸಿದೆ. ನಡುಕ ಅರ್ಧ ಕಡಿಮೆಯಾಯಿತು. ಅರವತ್ತೆರಡಾದರೂ ನನ್ನ ಕಿವಿಗೂ ಕೈಗೂ ತುಕ್ಕು ಹಿಡಿದಿಲ್ಲ ಎಂದು ಖುಷಿಯಾಯಿತು.

ಸೊಸೆಯ ತುಟಿ ಒಡೆದಿದೆ. ಕೇಳಿದರೆ ಮೆಟ್ಟಿಲ ಹತ್ತಿರ ಜಾರಿದೆ ಎಂದಳು. ಜಾರಿರಬಹುದು. ಚಳಿಗಾಲದಲ್ಲಿ ಈ ಊರೇ ಜಾರುತ್ತದೆ.

ಡಿಸೆಂಬರ್ 14. ಮೈನಸ್ ನಲವತ್ತೆಂಟು.

ಮಂಜು. ಎದುರುಮನೆ ಕಾಣುವುದಿಲ್ಲ. ಹೊರಗೆ ಹೋಗಲಿಲ್ಲ. ಅವರ ಕೋಣೆಯಲ್ಲಿ ಜಗಳ. ಪುಟ್ಟ ಮೊಮ್ಮಗಳು ದಯಾನಾ ನನ್ನ ಹತ್ತಿರ ಬಂದು ಕೂತಿತು. ಟಿವಿ ಜೋರು ಮಾಡಿದೆ.

ಡಿಸೆಂಬರ್ 19. ಮೈನಸ್ ನಲವತ್ತೇಳು.

ಕಾರನ್ನು ನಮ್ಮ ಗ್ಯಾರೇಜಿಗೆ ಹಾಕಿದೆ. ಒಲೆ ಉರಿಸಿದೆ. ಎರಡು ಗಂಟೆಯಲ್ಲಿ ಹಿಮವೆಲ್ಲ ಕರಗಿ ನೆಲದ ಮೇಲೆ ಹರಿಯಿತು. ಜಾಕ್ ಹಾಕಿ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಎಡ ಬಲ ಅಲುಗಿಸಿದೆ. ಸದ್ದೇ ಇಲ್ಲ. ಬೆಚ್ಚಗಿನ ಜಾಗದಲ್ಲಿ ಈ ಕಾರಿನಷ್ಟು ಸಾಧು ಜಗತ್ತಿನಲ್ಲೇ ಇಲ್ಲ.

ಪಕ್ಕದ ಗ್ಯಾರೇಜಿನ ಖಬಿರೀಸ್ ಬಂದು ಬಾಗಿಲಲ್ಲಿ ನಿಂತ. ನನಗಿಂತ ಎರಡೇ ವರ್ಷ ಚಿಕ್ಕವನು, ಆದರೂ ಎಜೀಯ್ ಎಂದು ಅಕ್ಕನ ಮರ್ಯಾದೆ ಕೊಟ್ಟು ಕರೆಯುತ್ತಾನೆ.

"ಏನ್ ಎಜೀಯ್, ಡಾಕ್ಟ್ರಿಕೆ ಶುರು ಮಾಡ್ದಂಗಿದೆ?"

"ರೋಗಿ ಬಾಯೇ ಬಿಡ್ತಿಲ್ಲ ಕಣೋ."

"ಬೆಚ್ಚಗೆ ಮಲಗ್ಸಿ ಕಾಲು ಒತ್ತಿದ್ರೆ ಯಾರು ತಾನೇ ಕಿರುಚ್ತಾರೆ? ಚಳಿ ಸದ್ದು ಅದು, ಬಿಡು. ಮಾರ್ಚ್ ಬಂದ್ರೆ ತಾನಾಗೇ ಹೋಗುತ್ತೆ."

ಬಿಡಲಿಲ್ಲ. ಚಕ್ರದ ಪಕ್ಕದ ಲಿಂಕ್ ರಾಡಿನ ರಬ್ಬರ್ ಬುಷ್ ಬಿರುಕು ಬಿಟ್ಟಿತ್ತು, ಬದಲಾಯಿಸಿದೆ. ಇದೇ ಕಳ್ಳ ಎಂದುಕೊಂಡೆ.

ರಾತ್ರಿ ಊಟಕ್ಕೆ ಎರ್ಚಿಮ್‌ನ ಮೇಲಧಿಕಾರಿಯೂ ಹೆಂಡತಿಯೂ ಬಂದಿದ್ದರು. ಹೆಪ್ಪುಗಟ್ಟಿದ ಹಸಿ ಮೀನನ್ನು ಎರ್ಚಿಮ್ ತಾನೇ ತೆಳ್ಳಗೆ ಹೆರೆದ. ಮೊದಲ ಎಸಳನ್ನು ಹೆಂಡತಿಯ ತಟ್ಟೆಗೆ ಹಾಕಿದ, ನನ್ನ ಭುಜ ಹಿಡಿದು ಹಾಡು ಹೇಳಿದ. ಆ ಅಧಿಕಾರಿಯ ಹೆಂಡತಿ ನನ್ನ ಕಿವಿಯಲ್ಲಿ, "ಇಂಥ ಮಗನ್ನ ಹೆತ್ತಿದ್ದೀರಲ್ಲ," ಎಂದಳು. ನನಗೆ ಹೆಮ್ಮೆಯಾಯಿತು. ಸೊಸೆ ತಟ್ಟೆಯಲ್ಲಿದ್ದುದನ್ನು ಮುಟ್ಟಲಿಲ್ಲ.

ಡಿಸೆಂಬರ್ 25. ಮೈನಸ್ ಐವತ್ತು.

ಆಸ್ಪತ್ರೆಗೆ ಹೋಗಿ ಬಂದೆವು. ಸೊಸೆ ಸಂದಾರಾಳ ಹುಬ್ಬಿಗೆ ಹೊಲಿಗೆ ಬಿತ್ತು.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಮಧ್ಯಾಹ್ನ ಅಡುಗೆಮನೆಯಲ್ಲಿ ನಾನು ಹಿಟ್ಟು ಕಲಸುತ್ತಿದ್ದೆ. ಎರ್ಚಿಮ್ ಅವಳ ಫೋನು ಕೇಳಿದ. "ಯಾರ ಹತ್ರ ಮಾತಾಡ್ತಿದ್ದೆ?" ಅಂದ. "ಅಮ್ಮನ ಹತ್ರ," ಅಂದಳು. "ಯಾಕೆ, ಇಲ್ಲಿ ಮನುಷ್ಯರು ಇಲ್ವಾ?" ಅಂದ. "ಮನುಷ್ಯರು ಇದ್ದಿದ್ರೆ ಮಾತಾಡ್ತಿದ್ದೆ," ಅಂದಳು. ಅಷ್ಟೆ. ಅವಳ ಕುತ್ತಿಗೆಯ ಹಿಂಭಾಗ ಹಿಡಿದು ಮುಖವನ್ನು ಮೇಜಿನ ಅಂಚಿಗೆ ಕುಕ್ಕಿದ. ನನ್ನ ಹಿಟ್ಟಿನ ಮೇಲೆ ರಕ್ತ ಚಿಮ್ಮಿತು. ಆಮೇಲೆ ಕೈ ತೊಳೆದುಕೊಂಡು ಹೋಗಿ ಸೋಫಾ ಮೇಲೆ ಕೂತ.

ಹೀಗೆ ಎದುರುತ್ತರ ಕೊಟ್ಟರೆ ಯಾವ ಗಂಡಸಿಗೆ ರೇಗುವುದಿಲ್ಲ? ಆದರೂ ಇಷ್ಟು ಸಲ್ಲದು. ಕುಡಿದಾಗ ಅವನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ.

ಡಾಕ್ಟರು ಏನಾಯಿತು ಎಂದು ಕೇಳಿದರು. ಮೆಟ್ಟಿಲ ಮೇಲೆ ಜಾರಿದಳು ಎಂದೆ, ನಾನೇ ಹೇಳಿದ್ದು. ಡಾಕ್ಟರು ಅವಳನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. ದಾರಿಯಲ್ಲಿ ಸಂದಾರಾ, "ಅಕುಲಿನಾ ಪೆತ್ರೋವ್ನಾ, ನೀವು ಬಲು ಸಲೀಸಾಗಿ ಹೇಳಿದ್ರಿ," ಎಂದಳು. ಯಾವತ್ತೂ ಇಯೆ ಎನ್ನದೆ ಹೀಗೆ ನನ್ನ ಹೆಸರು ಹಿಡಿದೇ ಕರೆಯುತ್ತಾಳೆ. ಮೂರು ಮಾತು ಬೈಯಬೇಕು ಅನಿಸಿತು. ರಸ್ತೆ ನೋಡುತ್ತಾ ಓಡಿಸಿದೆ.

ಮನೆಗೆ ಬಂದು ಅವನ ಲೋಟ ಮೂಸಿ ನೋಡಿದೆ. ಚಹಾ. ಬರಿ ಚಹಾ. ಕಸದ ಬುಟ್ಟಿಯಲ್ಲಿ, ಕಪಾಟಿನ ಹಿಂದೆ, ಎಲ್ಲೂ ಬಾಟಲಿ ಇರಲಿಲ್ಲ. ಯಾಕೆ ಹುಡುಕಿದೆನೋ ಗೊತ್ತಿಲ್ಲ.

ದಿನಾ ರಾತ್ರಿ ಗ್ಯಾರೇಜಿನಲ್ಲಿ ಬೆಚ್ಚಗಿಟ್ಟರೂ ಕಾರಿನ ಸದ್ದು ಹೋಗಿಲ್ಲ.

ಜನವರಿ 2. ಮೈನಸ್ ಐವತ್ತೊಂದು.

ಅಕ್ಷರ ಸೊಟ್ಟ ಬರುತ್ತಿದೆ.

ಹೊಸವರ್ಷಕ್ಕೆಂದು ನದಿಯಾಚೆ ಇರುವ ಎರ್ಚಿಮ್‌ನ ಚಿಕ್ಕಪ್ಪನ ಮನೆಗೆ ಹೊರಟೆವು. ಎರ್ಚಿಮ್ ಓಡಿಸುತ್ತಿದ್ದ, ಸಂದಾರಾ ಪಕ್ಕದಲ್ಲಿ, ಹಿಂದೆ ನಾನು ಮತ್ತು ದಯಾನಾ. ಪೇಟೆಯ ಮಂಜಿನಲ್ಲಿ ನಿಧಾನವಾಗಿ ಅರ್ಧ ಗಂಟೆ ಹೋದೆವು. ಕಾರು ಗಪ್‌ಚಿಪ್. ಸರಿ, ಲಿಂಕ್ ರಾಡೇ ಇರಬೇಕು, ಗೆದ್ದೆ ಎಂದುಕೊಂಡೆ. ದಂಡೆ ಇಳಿದು ನದಿಯ ಮಂಜುಗಡ್ಡೆ ಹತ್ತುವಾಗ ಎಲ್ಲರೂ ಬೆಲ್ಟ್ ಬಿಚ್ಚಿದೆವು. ಗಡ್ಡೆ ಬಿರಿದರೆ ಕಾರಿನೊಳಗೆ ಕಟ್ಟಿಹಾಕಿಕೊಂಡು ಸಾಯಬಾರದಲ್ಲ. ದಯಾನಾ ಕಿಟಕಿಗೆ ಮೂಗು ಒತ್ತಿ ನದಿಗೆ, "ಎಬೆ, ನಮಸ್ಕಾರ," ಎಂದಿತು. ನಾನೂ ಅದಕ್ಕೆ ಎಬೆ, ನದಿಯೂ ಎಬೆ. ಇಬ್ಬರೂ ಅಜ್ಜಿಯರು.

ಆಗ ಸದ್ದು ಶುರುವಾಯಿತು. ಟೊಕ್. ಸ್ವಲ್ಪ ಹೊತ್ತಿಗೆ ಟೊಕ್ ಟೊಕ್. ಮೊದಲಿಗಿಂತ ಜೋರು, ಪೊಳ್ಳು.

ನನಗೆ ಥಟ್ಟನೆ ಹೊಳೆಯಿತು. ಚಳಿಯ ಸದ್ದು ಓಡುತ್ತಾ ಓಡುತ್ತಾ ಹೋಗಬೇಕು. ಇದು ಓಡುತ್ತಾ ಓಡುತ್ತಾ ಬರುತ್ತಿದೆ. ಇಷ್ಟು ದಿನ ಸುಳ್ಳೇ ಚಳಿಯ ಮೇಲೆ ಹಾಕಿದ್ದೆವು. ಚಳಿ ಅದನ್ನು ಮಾಡುತ್ತಿರಲಿಲ್ಲ, ಮುಚ್ಚಿಡುತ್ತಿತ್ತು.

"ಎರ್ಚಿಮ್, ನಿಲ್ಸು. ಇದು ಚಳಿ ಅಲ್ಲ. ಚಕ್ರನ ಹಿಡ್ಕೊಂಡಿರೋ ಗುಂಡೇ ಸವೆದಿರಬೇಕು. ಕಳಚಿಕೊಂಡ್ರೆ ಚಕ್ರ ಮಗುಚಿಹೋಗುತ್ತೆ."

"ಮತ್ತೆ ಶುರು ಮಾಡಿದ್ಳಪ್ಪ ಬಸ್ ಡ್ರೈವರಮ್ಮ."

"ಅವರು ಹೇಳೋದು ನಿಜ. ಸ್ಟೀರಿಂಗ್ ನೋಡಿ, ಹೆಂಗೆ ಅಲ್ಲಾಡ್ತಿದೆ," ಎಂದಳು ಸಂದಾರಾ.

"ಓಹೋ, ನೀನೂ ಮೆಕ್ಯಾನಿಕ್ಕಾ?" ಎಂದು ಅವನು ಬೇಕೆಂದೇ ವೇಗ ಏರಿಸಿದ. ನಿಧಾನಕ್ಕೆ ಹೋಗಬೇಕಾದ ಗಡ್ಡೆಯ ಮೇಲೆ ಎಪ್ಪತ್ತು, ಎಂಬತ್ತು. ಸ್ಟೀರಿಂಗ್ ಅವನ ಕೈಯನ್ನೇ ಒದರುತ್ತಿತ್ತು. ಕಾರಿನ ಮೈಯೆಲ್ಲ ಗಡಗಡ. ದಯಾನಾ ಚೀರತೊಡಗಿತು. ಸಂದಾರಾ ಅವನ ತೋಳು ಹಿಡಿದಳು, ಅವನು ಮುಂಗೈ ತಿರುಗಿಸಿ ಅವಳ ಬಾಯಿಗೆ ಬಾರಿಸಿದ. ಹಲ್ಲು ಬೆರಳಿಗೆ ತಾಗಿದ್ದು ನನಗೆ ಕೇಳಿಸಿತು. ನಾನು ಹಿಂದಿನಿಂದ ಅವನ ಕೂದಲು ಹಿಡಿದು ಎಳೆದೆ. ಹೇಗೆ ಎಳೆದೆನೋ! ಹುಟ್ಟಿದಾಗಿನಿಂದ ಅವನ ಮೇಲೆ ಕೈ ಮಾಡಿದವಳಲ್ಲ.

ನದಿಯ ನಡುಮಧ್ಯೆ ಬ್ರೇಕ್ ಹಾಕಿದ. ಇಳಿದು, ಸುತ್ತಿ ಬಂದು, ಅವಳ ಕಡೆಯ ಬಾಗಿಲು ತೆಗೆದು ಕೋಟಿನ ಕೊರಳಪಟ್ಟಿ ಹಿಡಿದು ಹೊರಗೆ ಎಸೆದ. ಟೊಪ್ಪಿಗೆ, ಕೈಚೀಲ ಎರಡೂ ಸೀಟಿನ ಮೇಲೇ ಉಳಿದವು. "ನಡ್ಕೊಂಡು ಹೋಗು ನಿಮ್ಮಮ್ಮನ ಹತ್ರ," ಎಂದು ಹೇಳಿ ಬಂದು ಕಾರು ಬಿಟ್ಟ.

ಮೈನಸ್ ಐವತ್ತೊಂದು. ಬರಿದಲೆ. ಹಿಂದಿನ ಗಾಜಿನಲ್ಲಿ ನೋಡಿದೆ. ಅವಳು ಕೂಗಲಿಲ್ಲ, ಓಡಿಯೂ ಬರಲಿಲ್ಲ. ಎರಡು ಕೈಗಳಿಂದ ಕಿವಿ ಮುಚ್ಚಿಕೊಂಡು ನಿಂತಿದ್ದಳು.

ಆ ಕೂಡಲೇ ಬಾಗಿಲು ತೆಗೆದುಬಿಟ್ಟೆ. "ಹುಚ್ಚು ಹಿಡೀತಾ ಇಯೆ?" ಎಂದು ಅವನು ಬ್ರೇಕ್ ಒತ್ತಿದ. ಮಗುವನ್ನು ಕಂಬಳಿಯ ಸಮೇತ ಎತ್ತಿಕೊಂಡು, ಮುಂದಿನ ಸೀಟಿನ ಟೊಪ್ಪಿಗೆ ಬಾಚಿಕೊಂಡು ಇಳಿದೆ. ಹಿಂದಕ್ಕೆ ನಡೆದು ಹೋಗಿ ಸಂದಾರಾಳಿಗೆ ಟೊಪ್ಪಿಗೆ ಹಾಕಿದೆ, ಅವಳ ಕೈಗಳನ್ನು ನನ್ನ ಕೋಟಿನೊಳಗೆ ಎಳೆದುಕೊಂಡೆ. ಅವನು ಕಾರು ಹಿಂದಕ್ಕೆ ತಂದ. ಹೆತ್ತತಾಯಿಯನ್ನೂ ಮಗಳನ್ನೂ ಗಡ್ಡೆಯ ಮೇಲೆ ಬಿಟ್ಟು ಹೋಗುವಷ್ಟು ಧೈರ್ಯ ಇರಲಿಲ್ಲ. ಮರ್ಯಾದೆ ಹೋಗುತ್ತದಲ್ಲ, ನೋಡುವವರು ಇದ್ದರು, ಹಿಂದೆ ಎರಡು ಲಾರಿ ಬರುತ್ತಿದ್ದವು.

ಚಿಕ್ಕಪ್ಪನ ಮನೆಯಲ್ಲಿ ಕುದುರೆ ಮಾಂಸ, ಕೆನೆ, ಕರಿದದ್ದು. ಎರ್ಚಿಮ್ ಎಲ್ಲರನ್ನೂ ನಗಿಸಿದ. ನಾನು ಅವಳನ್ನು ಕರೆದುಕೊಂಡು ಬರಲು ಇಳಿದೆ, ಅಷ್ಟೆ. ಯಾರಾದರೂ ಇಳಿಯುತ್ತಿದ್ದರು.

ಜನವರಿ 6. ಮೈನಸ್ ನಲವತ್ತೊಂಬತ್ತು.

ಹೊಸವರ್ಷದ ರಜೆಯಿಂದಾಗಿ ಗಣಿಗೆ ಮರಳುವ ದಿನ ಈ ಸಲ ಮುಂದಕ್ಕೆ ಹೋಗಿದೆ. ಎರ್ಚಿಮ್ ಮೀನುಗಾರಿಕೆಗೆಂದು ಸ್ನೇಹಿತರ ಗಾಡಿಯಲ್ಲಿ ಹೋಗಿದ್ದಾನೆ. ಸಂದಾರಾಳನ್ನು ಜೊತೆಗೆ ಕರೆದುಕೊಂಡು, ಕಾರನ್ನು ಪೇಟೆಯ ಸುತ್ತ ಸದ್ದು ಬರುವ ತನಕ ಓಡಿಸಿದೆ. ಸದ್ದು ಬಂದ ಕೂಡಲೇ ಗ್ಯಾರೇಜಿನ ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಹಾಕದೆ, ಆ ಚಳಿಯಲ್ಲೇ ಜಾಕ್ ಹಾಕಿದೆ. ಹಾರೆಯನ್ನು ಚಕ್ರದ ಕೆಳಗೆ ಕೊಟ್ಟು ಮೀಟಿದೆ. ಸಂದಾರಾ ಟಾರ್ಚು ಹಿಡಿದಿದ್ದಳು.

"ಅಲ್ಲಾಡ್ತಿದೆ," ಎಂದಳು. "ಇಲ್ಲಿ, ಈ ಗುಂಡು."

ಕೆಳಗಿನ ಬಾಲ್ ಜಾಯಿಂಟು. ಅದರ ಮೇಲಿನ ರಬ್ಬರ್ ಟೊಪ್ಪಿಗೆ ಹರಿದಿತ್ತು. ಗುಂಡು ತನ್ನ ಬಟ್ಟಲಿನಲ್ಲಿ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು.

ಆಗ ಎಲ್ಲ ಅರ್ಥವಾಯಿತು, ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ ಹಾರೆಯನ್ನು ಹಿಮದ ಮೇಲೆ ಬಿಸಾಡಿದೆ. ಪ್ರತಿಸಲ ನಾನು ಕಾರನ್ನು ಬೆಚ್ಚಗೆ ಒಳಗೆ ಹಾಕುತ್ತಿದ್ದೆ. ಬರಿಗೈಯಲ್ಲಿ ಅಲುಗಿಸಿದರೆ ಗುಂಡಿನ ಸಡಿಲ ತಿಳಿಯುತ್ತಿರಲಿಲ್ಲ, ಹಾರೆಯೇ ಬೇಕಿತ್ತು. ಹಿಮ ಕರಗಿ, ಹರಿದ ಟೊಪ್ಪಿಗೆಯೊಳಗೆ ನೀರು ಇಳಿಯುತ್ತಿತ್ತು. ಹೊರಗೆ ತಂದಾಗ ಅದು ಹೆಪ್ಪುಗಟ್ಟಿ ಸವೆದ ಗುಂಡನ್ನು ಬಿಗಿಯಾಗಿ ಹಿಡಿಯುತ್ತಿತ್ತು, ಅದಕ್ಕೇ ಮೊದಮೊದಲು ಸದ್ದಿಲ್ಲ. ಓಡಿ ಓಡಿ ಆ ಗಡ್ಡೆ ಪುಡಿಯಾದ ಮೇಲೆ ಬಡಿತ. ಪುಡಿಯಾದ ಗಡ್ಡೆ ಗುಂಡನ್ನು ಇನ್ನಷ್ಟು ತಿನ್ನುತ್ತಿತ್ತು. ಒಳಗೆ ತಂದು ಬೆಚ್ಚಗಿಟ್ಟು ಮುದ್ದು ಮಾಡಿ ಹಾಳು ಮಾಡಿದವಳು ನಾನೇ.

"ಇದರಲ್ಲಿ ಆಮ್ಗಾಕ್ಕೆ ಹೋಗಬಹುದಾ?" ಎಂದು ಸಂದಾರಾ ಕೇಳಿದಳು.

ಆಮ್ಗಾ ಕಡೆಯ ಹಳ್ಳಿಯಲ್ಲಿ ಅವಳ ತವರು. ನದಿ ದಾಟಿ ಮತ್ತೆ ದಿನದ ಮುಕ್ಕಾಲು ದಾರಿ, ನಡುವೆ ಕಾಡು, ಫೋನು ಸಿಗುವುದಿಲ್ಲ. ನಾನು ತಲೆ ಎತ್ತಿ ನೋಡಿದೆ. ಅವಳು ಟಾರ್ಚಿನ ಬೆಳಕನ್ನು ಗುಂಡಿನ ಮೇಲಿನಿಂದ ತೆಗೆಯಲಿಲ್ಲ.

"ಒಬ್ಳೇನಾ?"

"ದಯಾನಾನ ಕರ್ಕೊಂಡು."

"ರಸ್ತೆಯಲ್ಲಿ ಒಂದು ಗುಂಡಿ ಸಾಕು. ಚಕ್ರ ಮಡಚಿಕೊಳ್ಳುತ್ತೆ. ಯಾರಾದ್ರೂ ಬರೋ ಹೊತ್ತಿಗೆ ಹೆಪ್ಪುಗಟ್ಟಿರೋ ನಿಮ್ಮಿಬ್ರನ್ನೂ ಕೊಡಲಿಯಲ್ಲಿ ಬಿಡಿಸಬೇಕಾಗುತ್ತೆ."

"ಇಲ್ಲಿದ್ರೂ ಅಷ್ಟೇ ಅಲ್ವಾ?"

ಅವಳನ್ನು ಬೈದೆ. ಮನೆಯೊಡೆಯುವ ಮಾತಾಡಬೇಡ ಎಂದೆ. ಆಮೇಲೆ ಖಬಿರೀಸ್‌ಗೆ ಹೇಳಿ ಹೊಸ ಬಾಲ್ ಜಾಯಿಂಟು ತರಲು ಕಳಿಸಿದೆ. ಕಾರು ಹೇಗಿದ್ದರೂ ರಿಪೇರಿಯಾಗಬೇಕು ತಾನೆ. ಕೀಲಿ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಜನವರಿ 8.

ಎರ್ಚಿಮ್ ಕೀಲಿ ಕೇಳಿದ. ಗುಂಡು ಬದಲಾಯಿಸುವ ತನಕ ಕೊಡುವುದಿಲ್ಲ ಎಂದೆ. ಹೊಡೆದ. ಎಡಗಿವಿಯಲ್ಲಿ ಗುಂಯ್ ಎನ್ನುತ್ತಿದೆ.

ಕುಡಿದಿರಲಿಲ್ಲ.

ಕೀಲಿ ಕೊಡಲಿಲ್ಲ.

ಜನವರಿ 9. ಮೈನಸ್ ಐವತ್ತು.

ಖಬಿರೀಸ್ ಸಾಮಾನು ತಂದುಕೊಟ್ಟ. ನನ್ನ ಮುಖ ನೋಡಿದ. ಜಾರಿ ಬಿದ್ದೆ ಎಂದೆ.

"ಎಜೀಯ್, ನಿಮ್ಮನೇಲಿ ನೆಲದ ಮೇಲೆ ಎಷ್ಟು ಅಡಿ ಗಡ್ಡೆ ಇದೆ?" ಎಂದ. "ನಿನ್ನ ಸೊಸೆ ಜಾರ್ತಾಳೆ, ನೀನು ಜಾರ್ತೀಯ. ಅವನೊಬ್ಬ ಮಾತ್ರ ಒಂದ್ಸಲಾನೂ ಜಾರಲ್ವಲ್ಲ!"

ನಿನ್ನ ಕೆಲಸ ನೋಡಿಕೋ ಎಂದು ಗದರಿದೆ. ಅವನು ಹೋಗಲಿಲ್ಲ. ಚಹಾ ಕಾಯಿಸಿ ಕೊಟ್ಟ. ಅವನೆದುರಿಗೆ ಅತ್ತುಬಿಟ್ಟೆ, ನಾಚಿಕೆಯಾಗುತ್ತದೆ. ಮನೆಯವರು ಸತ್ತಾಗಲೂ ಹೀಗೆ ಅತ್ತಿರಲಿಲ್ಲ.

ಸಂಜೆ ಸಂದಾರಾಳನ್ನು ಬಚ್ಚಲಿಗೆ ಕರೆದು, ನಲ್ಲಿ ಬಿಟ್ಟು, "ನಾಡಿದ್ದು ಬೆಳಿಗ್ಗೆ ಅವನು ಗಣಿಯವರ ಕಚೇರಿಗೆ ಹೋಗ್ತಾನೆ. ಆಗ ಗುಂಡು ಹಾಕೋಣ. ಮಗುವಿಗೆ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿ ಕರ್ಕೊಂಡು ಬಾ," ಎಂದೆ.

ಜನವರಿ 11. ಮೈನಸ್ ಐವತ್ತೆರಡು.

ಗ್ಯಾರೇಜಿನಲ್ಲೇ ಕೂತು ಬರೆಯುತ್ತಿದ್ದೇನೆ. ನೆಲದ ಮೇಲೆ ರಕ್ತ ಇದೆ, ಆಮೇಲೆ ಒರೆಸುತ್ತೇನೆ.

ಹತ್ತು ಗಂಟೆಗೆ ಜಾಕ್ ಹಾಕಿದೆವು. ದಯಾನಾ ಒಲೆಯ ಪಕ್ಕ ಖಬಿರೀಸ್‌ನ ನಾಯಿಯ ಜೊತೆ ಆಡುತ್ತಿತ್ತು. ಹಳೆಯ ಗುಂಡು ಕಚ್ಚಿಕೊಂಡು ಕೂತಿತ್ತು. ಸಂದಾರಾ ಸುತ್ತಿಗೆಯಲ್ಲಿ ಹೊಡೆದಳು. ಎಂಥಾ ಏಟು! ಪ್ರತಿ ಏಟಿಗೂ ಏನೋ ಹೇಳಿಕೊಳ್ಳುತ್ತಿದ್ದಳು, ಬಾಯೊಳಗೇ. ಕೊನೆಗೆ ಅದು ಟಪ್ಪೆಂದು ಕಳಚಿ ನನ್ನ ಕಾಲ ಬಳಿ ಬಿತ್ತು. ಬಟ್ಟಲಿನ ಒಳಗೆ ಕೆಂಪು ತುಕ್ಕಿನ ಕೆಸರು. ಎಷ್ಟು ದಿನದಿಂದ ಇದರ ಮೇಲೆ ನಂಬಿಕೆ ಇಟ್ಟು ಕೂತಿದ್ದೆವೋ! ಹೊಸದನ್ನು ಕೂರಿಸಿ, ನಟ್ಟು ಬಿಗಿದು, ಚಕ್ರ ಹಾಕಿ, ಇನ್ನೇನು ಜಾಕ್ ಇಳಿಸಬೇಕು, ಬಾಗಿಲು ತೆರೆಯಿತು. ಬಿಳಿ ಹಬೆ ಒಳಗೆ ನುಗ್ಗಿತು. ಅದರ ನಡುವೆ ಎರ್ಚಿಮ್.

ಕಾರಿನ ಹಿಂದಿನ ಸೀಟಿನಲ್ಲಿದ್ದ ಗಂಟುಗಳನ್ನು ನೋಡಿದ. ಮಗುವಿನ ಕಾಲುಚೀಲ ನೋಡಿದ. ತುಂಬ ಮೆತ್ತಗೆ, "ಎಲ್ಲಿಗೆ ಸವಾರಿ?" ಎಂದ.

"ನಾನು ಹೋಗ್ತಿದ್ದೀನಿ," ಎಂದಳು ಸಂದಾರಾ.

ಜಡೆ ಹಿಡಿದ. ಕೈಗೆ ಸುತ್ತಿಕೊಂಡು ಅವಳ ತಲೆಯನ್ನು ಕಾರಿನ ಬಾನೆಟ್ಟಿಗೆ ಒಂದು ಸಲ ಬಡಿದ. ಮತ್ತೊಂದು ಸಲ. ಹುಬ್ಬಿನ ಹೊಲಿಗೆ ಕಿತ್ತುಹೋಗಿ ಬಿಳಿ ಬಣ್ಣದ ಮೇಲೆ ರಕ್ತ. ಅವಳು ಉಗುರಿನಿಂದ ಅವನ ಮುಖ ಪರಚಿದಳು. ಅವನು ಅವಳನ್ನು ನೆಲಕ್ಕೆ ಕೆಡವಿ ಹೊಟ್ಟೆಗೆ ಒದ್ದ. ದಯಾನಾ ಓಡಿಬಂದು ಅವನ ಕಾಲು ಕಚ್ಚಿತು, ಅವನು ಕಾಲು ಒದರಿದ ರಭಸಕ್ಕೆ ಮಗು ಹೋಗಿ ಒಲೆಯ ಕಟ್ಟೆಗೆ ಬಿತ್ತು.

ಹಾರೆ ಅಲ್ಲೇ ಇತ್ತು.

ಜಡೆ ಹಿಡಿದ ಕೈಗೇ ಹೊಡೆದೆ, ಮೊಣಕೈ ಕೆಳಗೆ. ಎಲುಬು ಮುರಿದ ಸದ್ದು ಎಲ್ಲಿಂದ ಬಂತು ಎಂದು ಯಾರೂ ಹುಡುಕಬೇಕಿರಲಿಲ್ಲ. ಅವನು ಜಡೆ ಬಿಟ್ಟ. ನನ್ನ ಕಡೆ ತಿರುಗಿ, "ಇಯೆ?" ಎಂದ. ಚಿಕ್ಕವನಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬರುತ್ತಿದ್ದನಲ್ಲ, ಅದೇ ದನಿ. ಎರಡನೆಯ ಏಟು ಬೇಕಿರಲಿಲ್ಲ. ಅವನು ಆಗಲೇ ಕುಸಿಯುತ್ತಿದ್ದ. ಆದರೂ ಹೊಡೆದೆ. ಅದೇ ಕೈಗೆ. ನಾನು ಇಷ್ಟು ದಿನ ನುಂಗಿದ್ದೆಲ್ಲ ಆ ಏಟಿನಲ್ಲಿತ್ತು. ಸುಳ್ಳು ಯಾಕೆ ಬರೆಯಲಿ, ಆ ಗಳಿಗೆಯಲ್ಲಿ ಹಾಯೆನಿಸಿತು.

ಖಬಿರೀಸ್ ಓಡಿ ಬಂದ. ಎರ್ಚಿಮ್‌ನನ್ನು ತನ್ನ ಗಾಡಿಗೆ ಹಾಕಿಕೊಂಡ. ನಾನೂ ಹತ್ತಿದೆ, ಹೆತ್ತವಳಲ್ಲವೆ. ಸಂದಾರಾಳೂ ಮಗುವೂ ಆಂಬುಲೆನ್ಸಿನಲ್ಲಿ ಹಿಂದೆಯೇ ಬಂದರು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಏನಾಯಿತು ಎಂದು ಕೇಳಿದರು.

"ಜಾರಿ ಬಿದ್ದೆ," ಎಂದ ಎರ್ಚಿಮ್.

"ಸುಳ್ಳು. ನಾನು ಹೊಡ್ದಿದ್ದು. ಇವನು ಹೆಂಡ್ತೀನ ಕೊಲ್ತಿದ್ದ. ಹೋದ ತಿಂಗಳು ಅವಳ ಹುಬ್ಬು ಒಡೆದದ್ದೂ ಇವನೇ, ಆವತ್ತು ನಾನು ಸುಳ್ಳು ಹೇಳಿದ್ದೆ. ಬರ್ಕೊಳ್ಳಿ," ಎಂದೆ. ಡಾಕ್ಟರು ಬರೆದುಕೊಂಡರು. ಪೊಲೀಸರು ಬಂದಾಗ ಅವರಿಗೂ ಅದನ್ನೇ ಹೇಳಿದೆ. ನನ್ನ ಮೇಲೆ ದೂರು ಕೊಡುತ್ತೀಯಾ ಎಂದು ಅವನನ್ನು ಕೇಳಿದರು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಸಂದಾರಾಳ ತಲೆಗೆ ಪಟ್ಟಿ ಕಟ್ಟಿದ್ದಾರೆ. ತಲೆಯೊಳಗೆ ಏನೂ ಆಗಿಲ್ಲವಂತೆ. ದಯಾನಾಗೆ ಮೊಣಕೈ ತರಚಿದೆ. ರಾತ್ರಿ ಮೂವರೂ ಖಬಿರೀಸ್‌ನ ಮನೆಯಲ್ಲಿ ಮಲಗುತ್ತೇವೆ.

ಜನವರಿ 13. ಮೈನಸ್ ನಲವತ್ತೊಂಬತ್ತು.

ನಿನ್ನೆ ಹೊರಟು ಇಬ್ಬರನ್ನೂ ತವರಿಗೆ ಬಿಟ್ಟು ಬಂದೆ.

ಹೋಗುವಾಗ ನಾನೇ ಓಡಿಸಿದೆ. ದಂಡೆಯಲ್ಲಿ ನಿಲ್ಲಿಸಿ ದೋಸೆ ಮುರಿದು ನದಿಗೆ, ಎಬೆಗೆ, ಕಾಣಿಕೆ ಕೊಟ್ಟೆವು. ಬೆಲ್ಟ್ ಬಿಚ್ಚಿದೆವು. ಗಡ್ಡೆಯ ಮೇಲೆ ಅರ್ಧ ದಾರಿಯಲ್ಲಿ ಸಂದಾರಾ ನನ್ನ ತೋಳು ಹಿಡಿದುಕೊಂಡಳು, ಅದೇ ಜಾಗ. ಆಚೆ ದಂಡೆ ಹತ್ತುವ ತನಕ ಬಿಡಲಿಲ್ಲ. ಹೆದ್ದಾರಿಯಲ್ಲಿ ಎಂಬತ್ತಕ್ಕೆ ಏರಿಸಿದೆ. ಸ್ಟೀರಿಂಗ್ ಅಲುಗಲಿಲ್ಲ. ಒಂದು ಸದ್ದಿಲ್ಲ. ಆ ನಿಶ್ಶಬ್ದ ಅಭ್ಯಾಸವಿಲ್ಲದೆ ಇಬ್ಬರಿಗೂ ಭಯವಾಯಿತು. ಸಂದಾರಾ ಹಾಡು ಹಾಕಿದಳು.

ಅವಳ ಅಮ್ಮ ಅಂಗಳಕ್ಕೆ ಬಂದು ಮಗಳ ಮುಖ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನಗೆ ನೆಲ ಬಿರಿಯಬಾರದೇ ಎನಿಸಿತು. ಹೆತ್ತವಳು ಹೆತ್ತವಳಿಗೆ ಏನು ಹೇಳುವುದು? "ತಡವಾಯ್ತು," ಎಂದೆ. ಆಕೆ ಊಟ ಹಾಕಿದಳು, ಆದರೆ ನನ್ನ ಜೊತೆ ಕೂತು ಉಣ್ಣಲಿಲ್ಲ. ಸರಿಯಾಗಿಯೇ ಮಾಡಿದಳು.

ಕಾರಿನ ಕಾಗದಪತ್ರ, ಕೀಲಿ ಎರಡನ್ನೂ ಸಂದಾರಾಳ ಕೈಯಲ್ಲಿಟ್ಟೆ. ಎಡಚಕ್ರದ ನಟ್ಟನ್ನು ವಾರದ ಮೇಲೆ ಒಮ್ಮೆ ಬಿಗಿದು ನೋಡಲು ಹೇಳಿದೆ. ವಾಪಸು ಬರಲು ವ್ಯಾನು ಹತ್ತುವಾಗ ಸಂದಾರಾ, "ಹುಷಾರು ಇಯೆ," ಎಂದಳು. ವ್ಯಾನಿನಲ್ಲಿ ಹೀಟರು ಕೆಟ್ಟಿತ್ತು.

ಜನವರಿ 17. ಮೈನಸ್ ನಲವತ್ತೈದು.

ಅವನನ್ನು ಮನೆಗೆ ಕಳಿಸಿದ್ದಾರೆ. ಬಲಗೈ ಭುಜದ ತನಕ ಪ್ಲಾಸ್ಟರಿನಲ್ಲಿದೆ. ಎಡಗೈಯಲ್ಲಿ ತಿನ್ನಲು ಹೋಗಿ ಸೂಪು ಎದೆಯ ಮೇಲೆ ಚೆಲ್ಲಿಕೊಂಡ. ಕೊನೆಗೆ ನಾನೇ ಚಮಚ ತೆಗೆದುಕೊಂಡು ತಿನ್ನಿಸಲು ಕೂತೆ. ಪೊಲೀಸರು ಸೋಮವಾರ ಠಾಣೆಗೆ ಬರಲು ಹೇಳಿದ್ದಾರೆ, ಇಬ್ಬರಿಗೂ.

"ಎಲ್ಲಿದ್ದಾರೆ?" ಎಂದ.

"ಇದ್ದಾರೆ."

"ನನ್ನ ಹೆಂಡ್ತಿ ಅವಳು. ನನ್ನ ಮಗಳು."

"ಹ್ಞೂಂ. ಬಾಯಿ ತೆಗಿ."

ನಾಲ್ಕು ಚಮಚ ತಿಂದ. ಗಡ್ಡದ ಮೇಲೆ ಇಳಿದದ್ದನ್ನು ಒರೆಸಿದೆ.

"ನಿನ್ನ ಸ್ವಂತ ಮಗನ ಕೈ ಮುರಿದ್ಯಲ್ಲ ಇಯೆ. ಜನ ಏನಂತಾರೆ?"

"ಅಂದ್ಕೊಳ್ಳಲಿ."

"ಪ್ಲಾಸ್ಟರ್ ಬಿಚ್ಚಲಿ. ಹೋಗಿ ಎಳ್ಕೊಂಡು ಬರ್ತೀನಿ. ಆಮ್ಗಾ ಏನು ಚಂದ್ರಲೋಕದಲ್ಲಿಲ್ಲ."

"ಹೋಗು. ಇನ್ನೊಂದು ಕೈ ಇದೆಯಲ್ಲ," ಎಂದೆ.

ದನಿ ಏರಿಸಿ ಹೇಳಲಿಲ್ಲ. ಉಪ್ಪು ಸಾಕಾ ಎಂದು ಕೇಳುವ ಹಾಗೆಯೇ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ನನ್ನ ಮುಖ ನೋಡಿದ, ನಗು ನಿಂತಿತು. ಮೇಜಿನ ಮೇಲಿದ್ದ ಎಡಗೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡ. ನಾನು ಹೆತ್ತ ಮಗ ನನಗೆ ಹೆದರಿದ್ದ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಚಮಚ ತುಂಬಿ ಮತ್ತೆ ಹಿಡಿದೆ. ಅವನು ಬಾಯಿ ತೆರೆದ.